ರಾಣಿ ಮಗನನ್ನು ಕರೆಸಲಿಲ್ಲ

ಡೆಸ್ ಪ್ಲೇನ್ಸ್
ಇಲಿನಾಯ್, ಅಮೆರಿಕಾ
ಸೆಪ್ಟೆಂಬರ್ 5, 2024

ಅತ್ತೆಯವರಿಗೆ ಪವಿತ್ರಳ ನಮಸ್ಕಾರಗಳು.

ನೀವು ಫೋನ್ ಎತ್ತುವುದಿಲ್ಲ, ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ಮೈಸೂರಿನಲ್ಲಿ ಪಿಯುಸಿ ಪರೀಕ್ಷೆ ಬರೆದ ಮೇಲೆ ಕನ್ನಡದಲ್ಲಿ ಇಷ್ಟುದ್ದ ಬರೆದದ್ದು ಇದೇ ಮೊದಲು. ತಪ್ಪಿದ್ದರೆ ಕ್ಷಮಿಸಿ.

ಮಾವನವರು ಹೋಗಿ ಡಿಸೆಂಬರಿಗೆ ವರ್ಷ ತುಂಬುತ್ತದೆ. ವರ್ಷದ ತಿಥಿಗೆ ಸತ್ಯ ಲಿವೋನಿಯಾದ ನಿಮ್ಮ ಮನೆಗೆ ಬಂದು ತಾವೇ ಎಡೆ ಇಡಬೇಕೆಂದಿದ್ದಾರೆ. ನೀವು ಅವರ ಜೊತೆ ಕೊನೆಯದಾಗಿ ಮಾತಾಡಿದ್ದು ಹನ್ನೊಂದನೇ ದಿನ, ಅದೂ ಊಟಕ್ಕೆ ಏಳು ಎಂದಷ್ಟೇ. ಒಬ್ಬನೇ ಮಗ. ಇಷ್ಟೊಂದು ದಿನ ಅವರೂ ಸುಮ್ಮನಿದ್ದರು, ನಾನೂ ಸುಮ್ಮನಿದ್ದೆ. ಈಗ ಕೇಳಲೇಬೇಕಾಗಿದೆ.

ಇಲ್ಲಿಯ ದೇವಸ್ಥಾನದ ಪುರೋಹಿತರು ಮರಣಪತ್ರ ತರಿಸಿಕೊಂಡು ನೋಡಿದರು. ಅದರಲ್ಲಿ ರಾತ್ರಿ ಎಂಟು ಹತ್ತು ಎಂದಿದೆ. ಆ ಲೆಕ್ಕಕ್ಕೆ ಪಾಡ್ಯ ಬರುತ್ತದಂತೆ, ಈ ಸಲ ಡಿಸೆಂಬರ್ 1, ಭಾನುವಾರ. ಸತ್ಯ ಸೋಮವಾರಕ್ಕೂ ರಜೆ ಹಾಕಿದ್ದಾರೆ. ನೀವು ಹೂಂ ಅಂದರೆ ಸಾಕು.

ನಿಮ್ಮ ಸೊಸೆ,
ಪವಿತ್ರ


ಲಿವೋನಿಯಾ
ಸೆಪ್ಟೆಂಬರ್ 16, 2024

ಪವಿತ್ರಳಿಗೆ ಶಿವಕ್ಕನ ಆಶೀರ್ವಾದ.

ನಿನ್ನ ಕಾಗದ ಬಂತು. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಲು ಕೈ ಬರುವುದಿಲ್ಲ, ಅದನ್ನು ಬಿಟ್ಟಿದ್ದೇನೆ.

ತಿಥಿ ಪಾಡ್ಯವಲ್ಲ, ಅಮಾವಾಸ್ಯೆ. ನವೆಂಬರ್ ಮೂವತ್ತು, ಶನಿವಾರ. ಎಡೆಯನ್ನು ನಾನೇ ಇಡುತ್ತೇನೆ. ಸತ್ಯ ಬರುವುದು ಬೇಡ.

ನಾನು ಹೊತ್ತು ಹೇಗೆ ಕಳೆಯುತ್ತೇನೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಮಾವ ಲೈಬ್ರರಿಯಿಂದ ತಂದ ಪುಸ್ತಕವೊಂದು ಅವರ ತಲೆದೆಸೆಯಲ್ಲೇ ಉಳಿದಿತ್ತು. ವಿಕ್ಟೋರಿಯಾ ರಾಣಿಯ ಜೀವನ. ಔಷಧಿ ಅಂಗಡಿಯ ಚೀಟಿಯೊಂದನ್ನು ಗುರುತಿಗೆ ಇಟ್ಟಿದ್ದರು, ರಾಣಿಯ ಮದುವೆಯ ಹತ್ತಿರ. ಅವರು ಬಿಟ್ಟಲ್ಲಿಂದ ನಾನು ಓದೋಣ ಎಂದುಕೊಂಡೆ. ಮಳವಳ್ಳಿಯಲ್ಲಿ ಎಸ್‌ಎಸ್‌ಎಲ್‌ಸಿ ಮಾಡಿದವಳ ಇಂಗ್ಲಿಷ್ ಗೊತ್ತಲ್ಲ, ಯಾರು ಎಲ್ಲಿ ಏನು ಎಂದೇ ತಿಳಿಯಲಿಲ್ಲ. ಮೊದಲ ಪುಟಕ್ಕೆ ಹೋದೆ. ಪಕ್ಕದಲ್ಲಿ ನಿಘಂಟು, ನೋಟ್‌ಬುಕ್ಕು. ಒಂದು ಪುಟಕ್ಕೆ ಒಂದು ಗಂಟೆ. ಭಾನು ಗೊತ್ತಲ್ಲ, ಎರಡು ಮನೆ ಆಚೆಯವಳು, ಅವಳೇ ಲೈಬ್ರರಿಗೆ ಕರೆದುಕೊಂಡು ಹೋಗಿ ಪುಸ್ತಕ ವಾಪಸು ಕೊಡುವ ದಿನವನ್ನು ಮುಂದಕ್ಕೆ ಹಾಕಿಸಿಕೊಡುತ್ತಾಳೆ. "ಏನ್ ಶಿವಕ್ಕ, ರಾಣಿ ಎಲ್ಲಿಗ್ ಬಂದ್ಲು? ಆ ಯಮ್ಮ ನಮ್ ದೇಶಕ್ಕೆ ಒಂದ್ ದಿನಾನೂ ಬರ್ಲಿಲ್ಲ, ಕಬ್ಬನ್ ಪಾರ್ಕ್‌ನಲ್ಲಿ ಕಲ್ಲಾಗಿ ನಿಂತವ್ಳೆ ಅಷ್ಟೆ" ಅಂತಾಳೆ.

ಆ ಹುಡುಗಿಗೆ ಹದಿನೆಂಟು ವರ್ಷ. ಬೆಳಗಿನ ಆರು ಗಂಟೆಗೆ ಎಬ್ಬಿಸಿ, ನಿನ್ನ ದೊಡ್ಡಪ್ಪ ಸತ್ತ, ಇನ್ನು ನೀನೇ ರಾಣಿ ಎಂದರಂತೆ. ಅಲ್ಲಿಯವರೆಗೂ ತಾಯಿಯ ಕೋಣೆಯಲ್ಲೇ ಮಲಗುತ್ತಿದ್ದವಳು ಅಂದೇ ತನ್ನ ಮಂಚವನ್ನು ಅಲ್ಲಿಂದ ತೆಗೆಸಿದಳು. ಇದನ್ನು ಎರಡು ಸಲ ಓದಿದೆ. ಮಕ್ಕಳು ಹಾಗೆಯೇ.

ಶಿವಕ್ಕ


ಡೆಸ್ ಪ್ಲೇನ್ಸ್
ಸೆಪ್ಟೆಂಬರ್ 27, 2024

ಅತ್ತೆಯವರಿಗೆ ನಮಸ್ಕಾರಗಳು.

ಕಾಗದ ಓದಿ ಸತ್ಯನಿಗೆ ಹೇಳಿದೆ. ಅವರಿಗೆ ಕನ್ನಡ ಓದಲು ಬಾರದಲ್ಲ. ಬರುವುದು ಬೇಡ ಎಂಬ ಮಾತನ್ನು ಮಾತ್ರ ಬಿಟ್ಟೆ. ಇನ್ನೂ ತೀರ್ಮಾನ ಮಾಡಿಲ್ಲ ಎಂದಿದ್ದಾರೆ ಎಂದೆ.

ತಿಥಿಯ ವಿಷಯ. ನಿಮ್ಮ ಅಡುಗೆಮನೆಯಲ್ಲಿರುವುದು ಮೈಸೂರಿನಿಂದ ತರಿಸಿದ ಕ್ಯಾಲೆಂಡರ್. ನಾವೆಲ್ಲ ಮಾಡುವ ತಪ್ಪೇ ಇದು. ಅದರಲ್ಲಿ ಮಾವ ಹೋದ ದಿನದ, ಅಂದರೆ ಕಳೆದ ಡಿಸೆಂಬರ್ 12ರ ಚೌಕದಲ್ಲಿ ಅಮಾವಾಸ್ಯೆ ಎಂದಿದೆ, ನಿಜ. ಆದರೆ ಅದು ಅಲ್ಲಿಯ ಹೊತ್ತು. ಲಿವೋನಿಯಾದ ಹೊತ್ತಿಗೆ ಲೆಕ್ಕ ಹಾಕಿದರೆ ಅಂದು ಅಮಾವಾಸ್ಯೆ ಸಂಜೆ ಆರೂವರೆಗೇ ಮುಗಿದಿದೆ. ಮಾವ ಹೋದದ್ದು ಎಂಟು ಹತ್ತಕ್ಕೆ. ಹಾಗಾಗಿ ಪಾಡ್ಯ. ಪುರೋಹಿತರು ಕೂಡ "ಅಮೆರಿಕಾದಲ್ಲಿ ಅರ್ಧ ಜನ ತಿಥಿ ಮಾಡೋದು ತಪ್ಪು ದಿನಾನೇ ಕಣಮ್ಮ" ಎಂದು ನಕ್ಕರು.

ನೀವು ಬೇಡ ಎನ್ನುವುದು ಆ ಹತ್ತು ನಿಮಿಷಕ್ಕೋ ಎಂದು ಕೇಳಬೇಕೆನಿಸುತ್ತದೆ. ಅಂದು ನೀವು ಫೋನ್ ಮಾಡಿದ್ದು ನಿಮ್ಮ ಮೂರು ಗಂಟೆಗೆ, ಇಲ್ಲಿ ಎರಡು. ಸತ್ಯ ಆಫೀಸಿನಿಂದ ಹಾಗೇ ಹೊರಟರು. ಇನ್ನೂರ ತೊಂಬತ್ತು ಮೈಲಿ. ಎಂಟು ಇಪ್ಪತ್ತಕ್ಕೆ ನಿಮ್ಮ ಬಾಗಿಲಲ್ಲಿದ್ದರು. ನೀವು ಹೇಳಿದ ಮಾತನ್ನು ಅವರು ನನಗೆ ಒಂದೇ ಸಲ ಹೇಳಿದ್ದು. "ಹತ್ತು ನಿಮಿಷ ಕಣೋ. ಅಷ್ಟೂ ಬೇಗ ಬರಕ್ಕಾಗ್ಲಿಲ್ವಾ?"

ಅತ್ತೆ, ಅದಕ್ಕಿಂತ ಬೇಗ ಬರಲು ಆಗುತ್ತಿರಲಿಲ್ಲ.

ಪವಿತ್ರ


ಲಿವೋನಿಯಾ
ಅಕ್ಟೋಬರ್ 9, 2024

ಪವಿತ್ರಳಿಗೆ ಆಶೀರ್ವಾದ.

ನನಗೆ ಕ್ಯಾಲೆಂಡರ್ ನೋಡಲು ಬರುತ್ತದೆ. ತಿಥಿ ಅಮಾವಾಸ್ಯೆಯೇ. ಅದರ ಬಗ್ಗೆ ಇನ್ನು ಬರೆಯಬೇಡ.

ರಾಣಿಯ ಗಂಡ ಹೋದ. ಆಲ್ಬರ್ಟ್ ಅಂತ ಹೆಸರು. ಅವನಿಗೆ ನಲವತ್ತೆರಡು, ಅವಳಿಗೂ ಅಷ್ಟೇ. ಒಂಬತ್ತು ಮಕ್ಕಳು. ಆಮೇಲೆ ನಲವತ್ತು ವರ್ಷ ಬದುಕಿದಳಂತೆ, ಕಪ್ಪು ಬಟ್ಟೆಯಲ್ಲೇ. ಅವನ ಕೋಣೆಯಲ್ಲಿ ದಿನವೂ ಅವನ ಉಡುಪು ತೆಗೆದಿಡಬೇಕು, ಬಿಸಿನೀರು ಇಡಬೇಕು. ಭಾನು ಇದನ್ನು ಕೇಳಿ "ಅಯ್ಯೋ, ಹುಚ್ಚು ಹಿಡ್ದಿತ್ತಾ?" ಎಂದಳು. ನಿಮ್ಮ ಮಾವನ ನೀಲಿ ಶರಟನ್ನು ನಾನು ವಾರಕ್ಕೊಮ್ಮೆ ಇಸ್ತ್ರಿ ಮಾಡುತ್ತೇನೆ. ಯಾರೂ ಹಾಕುವುದಿಲ್ಲವಾದ್ದರಿಂದ ಸುಕ್ಕೂ ಇರುವುದಿಲ್ಲ. ಆದರೂ ಮಾಡುತ್ತೇನೆ.

ಅವನು ಹೇಗೆ ಹೋದ ಎಂದು ನೀನು ಓದಬೇಕು. ದೊಡ್ಡ ಮಗ ಬರ್ಟಿ ಒಬ್ಬ ನಾಟಕದ ಹೆಣ್ಣಿನ ಸಹವಾಸ ಮಾಡಿದ. ಅಪ್ಪ ನವೆಂಬರ್ ತಿಂಗಳಲ್ಲಿ, ಮೈ ಸರಿಯಿಲ್ಲದಿದ್ದರೂ, ಅವನಿದ್ದ ಊರಿಗೆ ಹೋದ. ಇಬ್ಬರೂ ಮಳೆಯಲ್ಲಿ ನಡೆಯುತ್ತ ಮಾತಾಡಿದರು. ದಾರಿ ತಪ್ಪಿ ಇನ್ನಷ್ಟು ನಡೆದರು. ಅಪ್ಪ ನೆನೆದು ಮನೆಗೆ ಬಂದ, ಮಲಗಿದ, ಮೂರು ವಾರದಲ್ಲಿ ಹೋದ. ಆ ಮಗನನ್ನು ನೋಡಿದರೆ ಮೈ ನಡುಗುತ್ತದೆ ಎಂದು ರಾಣಿ ಮಗಳಿಗೆ ಕಾಗದ ಬರೆದಳು. ರಾಜ್ಯದ ಕಾಗದಪತ್ರ ಅವನ ಕೈಗೆ ಸಿಗದ ಹಾಗೆ ವರ್ಷಗಟ್ಟಲೆ ದೂರವಿಟ್ಟಳು.

ಇದನ್ನು ಓದಿದ ದಿನ ನಾನು ಅಡುಗೆ ಮಾಡಲಿಲ್ಲ. ನಿಮ್ಮ ಮಾವ ನಿಮ್ಮೂರಿಗೆ ಬಂದದ್ದೂ, ಇಲ್ಲಿಗೆ ಮರಳಿ ಹಾಸಿಗೆ ಹಿಡಿದದ್ದೂ ನವೆಂಬರಿನಲ್ಲೇ. ನಿನ್ನ ಗಂಡನಿಗೂ ಆಫೀಸಿನಲ್ಲಿ ಒಬ್ಬಳು ಇದ್ದಳು. ನೀನು ಅವನ ಪರವಾಗಿ ಬರೆಯುತ್ತೀಯಲ್ಲ, ಅದೇ ನನಗೆ ಅರ್ಥವಾಗುವುದಿಲ್ಲ.

ರಾಣಿಗೆ ಗಂಡ ಸಿಕ್ಕಿದ್ದು ಇಪ್ಪತ್ತೊಂದು ವರ್ಷ. ನನಗೆ ಮೂವತ್ತೈದು. ನಾನು ಅವಳಿಗಿಂತ ಪುಣ್ಯವಂತೆ ಎಂದು ಭಾನು ಹೇಳುತ್ತಾಳೆ.

ಶಿವಕ್ಕ


ಡೆಸ್ ಪ್ಲೇನ್ಸ್
ಅಕ್ಟೋಬರ್ 20, 2024

ಅತ್ತೆಯವರಿಗೆ.

ಈ ಕಾಗದವನ್ನು ಮೂರು ಸಲ ಹರಿದು ಬರೆದಿದ್ದೇನೆ.

ಮಾವನವರನ್ನು ಕರೆಸಿದ್ದು ನಾನು. ಅವರು ತಾವಾಗಿಯೇ ಬಂದರು ಎಂದು ನೀವು ತಿಳಿದಿದ್ದೀರಿ, ಅಥವಾ ಸತ್ಯ ಏನೋ ರಂಪ ಮಾಡಿಕೊಂಡು ಕರೆಸಿದರು ಎಂದು. ಇಲ್ಲ. ಆ ಹುಡುಗಿಯ ವಿಷಯ ಗೊತ್ತಾದ ವಾರ ನಾನು ಸೂಟ್‌ಕೇಸ್ ಕಟ್ಟಿಕೊಂಡು ಕೂತಿದ್ದೆ. ಮೈಸೂರಿಗೆ ಫೋನ್ ಮಾಡಿದರೆ ಅಮ್ಮ ಅಳುತ್ತಾರೆ. ನಿಮಗೆ ಮಾಡಿದರೆ ನೀವು ಬೈಯುತ್ತೀರಿ, ಅವರನ್ನೋ ನನ್ನನ್ನೋ ಗೊತ್ತಿರಲಿಲ್ಲ. ಅದಕ್ಕೆ ಮಾವನಿಗೆ ಮಾಡಿದೆ. "ಎರಡು ದಿನ ತಡಿಯಮ್ಮ, ಶನಿವಾರ ಬರ್ತೀನಿ" ಎಂದರು.

ಕಾರಿನಿಂದ ಇಳಿದಾಗಲೇ ಕೆಮ್ಮುತ್ತಿದ್ದರು. ಮೆಟ್ಟಿಲು ಹತ್ತಲು ನಡುವೆ ನಿಂತರು. ನಾನು ಗಾಬರಿಯಾದರೆ, "ನಿಮ್ಮತ್ತೆಗೆ ಹೇಳ್ಬೇಡ. ಶುಂಠಿ ಕಷಾಯ ಶುರು ಮಾಡಿದ್ರೆ ಸಂಕ್ರಾಂತಿವರೆಗೂ ಬಿಡಲ್ಲ" ಎಂದು ನಕ್ಕರು. ಮನೆಯೊಳಗೆ ಮಾತಾಡಿದರೆ ನನ್ನ ಕಿವಿಗೆ ಬೀಳುತ್ತದೆ ಎಂದು ಸತ್ಯನನ್ನು ನದಿಯ ಪಕ್ಕದ ದಾರಿಗೆ ಕರೆದುಕೊಂಡು ಹೋದರು. ಮಳೆಗೆ ಮಂಜು ಸೇರಿ ಬೀಳುತ್ತಿತ್ತು. ಒಂದೂವರೆ ಗಂಟೆ. ಬಂದವರು ಟವಲ್ಲಿನಲ್ಲಿ ತಲೆ ಒರೆಸಿಕೊಂಡು, "ಕಾಫಿ ಕೊಡಮ್ಮ. ನಿನ್ ಗಂಡನಿಗೂ ಒಂದ್ ಲೋಟ ಕೊಡು, ಇವತ್ತಿಗೆ" ಎಂದರು.

ನಾನು ಸೂಟ್‌ಕೇಸ್ ಬಿಚ್ಚಿದ್ದು ಆ "ಇವತ್ತಿಗೆ" ಎಂಬ ಮಾತಿಗೆ. ಕ್ಷಮಿಸಿಬಿಡು ಎಂದಿದ್ದರೆ ಹೊರಟುಬಿಡುತ್ತಿದ್ದೆ. ಈಗಲೂ ಒಂದೊಂದು ದಿನದ ಲೆಕ್ಕದಲ್ಲೇ ಇದ್ದೇನೆ.

ನಾನೂ ಇಲ್ಲಿಯ ಲೈಬ್ರರಿಯಿಂದ ರಾಣಿಯ ಪುಸ್ತಕ ತಂದೆ, ನಿಮ್ಮದೇ ಅಲ್ಲ, ಇನ್ನೊಂದು. ಆಲ್ಬರ್ಟನಿಗೆ ವರ್ಷಗಳಿಂದಲೇ ಒಳಗೆ ಕಾಯಿಲೆ ಇದ್ದಿರಬಹುದು ಎಂದು ಈಗಿನ ಕೆಲವು ಡಾಕ್ಟರುಗಳು ಹೇಳುತ್ತಾರಂತೆ. ಮಳೆಯಲ್ಲಿ ನಡೆದದ್ದರಿಂದ ಅಲ್ಲ. ಮಾವನಿಗೆ ಮೊದಲಿಂದಲೂ ಇದ್ದ ಹೃದಯದ ಕಾಯಿಲೆಯ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಯಾರನ್ನಾದರೂ ದೂರಲೇಬೇಕೆಂದರೆ ನನ್ನನ್ನು ದೂರಿ. ಸತ್ಯ ಎಡೆ ಇಡಲಿ.

ಪವಿತ್ರ


ಡೆಸ್ ಪ್ಲೇನ್ಸ್
ನವೆಂಬರ್ 8, 2024

ಅತ್ತೆಯವರಿಗೆ.

ಹತ್ತೊಂಬತ್ತು ದಿನವಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ಕೋಪ ಬಂದಿದೆ ಎಂದಾದರೂ ಬರೆಯಿರಿ.

ಸತ್ಯನ ವಿಷಯ ಒಂದು ಹೇಳಬೇಕು, ಹೇಳಬಾರದು ಎಂದು ಮಾತು ತೆಗೆದುಕೊಂಡಿದ್ದರು. ಅಂದು ಬರುವಾಗ ಕಲಾಮಜೂ ಎಂಬ ಊರಿನ ಹತ್ತಿರ ಹೆದ್ದಾರಿಯ ಒಂದು ಎಕ್ಸಿಟ್‌ನಲ್ಲಿ ನಿಲ್ಲಿಸಿದ್ದರು. ನಿದ್ದೆಯಿರಲಿಲ್ಲ, ರಸ್ತೆ ಜಾರುತ್ತಿತ್ತು, ಒಂದು ಕಾಫಿ ತೆಗೆದುಕೊಂಡರು. ರಸೀದಿಯಲ್ಲಿ ಹೊತ್ತು ಇದೆ. ನಿಂತದ್ದು ಹನ್ನೆರಡು ನಿಮಿಷ. ಆ ರಸೀದಿಯನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ, ಅಕ್ಷರ ಅಳಿಸಿಹೋಗುತ್ತಿದೆ ಎಂದು ಫೋಟೋ ಬೇರೆ ತೆಗೆದಿದ್ದಾರೆ. ಹನ್ನೆರಡರಲ್ಲಿ ಹತ್ತು ಕಳೆದರೆ ಎರಡು ನಿಮಿಷ ಅಪ್ಪನ ಜೊತೆ ಇರುತ್ತಿದ್ದೆ ಎನ್ನುತ್ತಾರೆ.

ಈಗ ಕಾರು ಹತ್ತಿದರೆ ಎಲ್ಲಿಯೂ ನಿಲ್ಲಿಸುವುದಿಲ್ಲ. ಹೋದ ತಿಂಗಳು ಎಲ್ಕ್ ಗ್ರೋವ್‌ನಲ್ಲಿ ಆಫೀಸಿನ ಪಾರ್ಕಿಂಗಿನಲ್ಲೇ ತಲೆ ತಿರುಗಿ ಬಿದ್ದರು, ಬೆಳಗ್ಗೆಯಿಂದ ನೀರೂ ಕುಡಿದಿರಲಿಲ್ಲ. ನಾನು ಹೆದರಿದ್ದೇನೆ.

ಅವರ ಅಪ್ಪನಿಗೆ ಒಂದು ಎಲೆ ಹಾಕಿ ಬಡಿಸಲು ಬಿಡಿ. ಅಷ್ಟೇ ಕೇಳುತ್ತಿರುವುದು.

ಪವಿತ್ರ


ಲಿವೋನಿಯಾ
ನವೆಂಬರ್ 16, 2024

ಪವಿತ್ರ,

ಈ ಕಾಗದವನ್ನು ಸತ್ಯನಿಗೆ ಪೂರ್ತಿ ಓದಿ ಹೇಳು. ಯಾವ ಮಾತನ್ನೂ ಬಿಡಬೇಡ.

ನೀನು ಫೋನ್ ಮಾಡಿದ್ದಕ್ಕೆ ನನಗೆ ಕೋಪವಿಲ್ಲ. ಮೊದಲ ದಿನ ಬಂತು, ಆಮೇಲೆ ಹೋಯಿತು. ಬರೆಯದಿದ್ದ ಕಾರಣ ಬೇರೆ.

ಪುಸ್ತಕದಲ್ಲಿ ನಾನು ಸರಿಯಾಗಿ ತಿಳಿಯದೆ ದಾಟಿದ್ದ ಪುಟಗಳಿದ್ದವು. ನಿನ್ನ ಕಾಗದ ಬಂದ ಮೇಲೆ ಆಲ್ಬರ್ಟನ ಕಾಯಿಲೆಯ ಭಾಗವನ್ನು ನಿಘಂಟು ಇಟ್ಟುಕೊಂಡು ಮತ್ತೆ ಓದಿದೆ. ಗಂಡ ಕೊನೆಯ ಸ್ಥಿತಿಯಲ್ಲಿರುವಾಗಲೂ ರಾಣಿ ಆ ಮಗನನ್ನು ಕರೆಸಲಿಲ್ಲ. ಅವನಿಂದಲೇ ಹೀಗಾಯಿತು ಎಂಬ ಸಿಟ್ಟು. ಆಲಿಸ್ ಎಂಬ ಮಗಳೊಬ್ಬಳು ಅಮ್ಮನನ್ನು ಕೇಳದೆ ತಾನೇ ತಂತಿ ಕೊಟ್ಟಳು. ಅದರಿಂದ ಬರ್ಟಿ ಬಂದ. ಅಪ್ಪ ಉಸಿರಾಡುತ್ತಿರುವಾಗಲೇ ಬಂದ.

ನನ್ನ ಮನೆಯಲ್ಲಿ ಆಲಿಸ್ ಇರಲಿಲ್ಲ.

ಆಸ್ಪತ್ರೆಯವರು ಇನ್ನು ಮಾಡುವುದೇನಿಲ್ಲ ಎಂದು ಮನೆಗೆ ಕಳಿಸಿ ಅಂದಿಗೆ ಐದನೇ ದಿನ. ಬೆಳಗ್ಗೆ ಎಂಟು ಗಂಟೆಗೆ ನಿಮ್ಮ ಮಾವನಿಗೆ ಚೆನ್ನಾಗಿ ಎಚ್ಚರವಿತ್ತು. ಎರಡು ಚಮಚ ಗಂಜಿ ಕುಡಿದರು. "ಸತ್ಯನ್ನ ಕರಿ" ಎಂದರು. ನಾನು "ಆಯ್ತು, ಕರೀತೀನಿ" ಎಂದೆ. ಕರೆಯಲಿಲ್ಲ. ಪಾತ್ರೆ ತೊಳೆದೆ. ಬಟ್ಟೆ ಒಣಗಲು ಹಾಕಿದೆ. ಹತ್ತು ಗಂಟೆಗೆ "ಹೊರಟ್ನಾ?" ಎಂದು ಕೇಳಿದರು. "ಹೊರಟಿದಾನೆ" ಎಂದೆ.

ಅವನನ್ನು ನೋಡಿದರೆ ಇವರಿಗೆ ಸಂಕಟವಾಗುತ್ತದೆ, ಅದಕ್ಕೇ ಕರೆಯಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಇವರನ್ನು ಈ ಸ್ಥಿತಿಗೆ ತಂದವನು ಕಾಯಲಿ ಎಂದು ಇತ್ತು ನನ್ನ ಮನಸ್ಸಿನಲ್ಲಿ. ಕಾದದ್ದು ಇವರು.

ಮಧ್ಯಾಹ್ನ ಉಸಿರು ಬೇರೆ ಥರ ಆಯಿತು. ಆಗ ಹೆದರಿ ಮೂರು ಗಂಟೆಗೆ ನಿಮ್ಮಲ್ಲಿಗೆ ಫೋನ್ ಮಾಡಿದೆ. ನಾಲ್ಕು ಗಂಟೆಗೆ ತುಟಿ ಒದ್ದೆ ಮಾಡೋಣ ಎಂದು ಹೋದಾಗ ಉಸಿರಿರಲಿಲ್ಲ.

ನಾಲ್ಕು ಗಂಟೆಗೆ, ಪವಿತ್ರ. ಅಮಾವಾಸ್ಯೆ ಇನ್ನೂ ಇತ್ತು. ನಾನು ಕ್ಯಾಲೆಂಡರ್ ತಪ್ಪು ನೋಡಲಿಲ್ಲ.

ಬಾಗಿಲು ಹಾಕಿಕೊಂಡು ಪಕ್ಕದಲ್ಲಿ ಕೂತೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಎಷ್ಟು ಹೊತ್ತಿಗೆ ಹೋದರು, ಮೊದಲೇ ಯಾಕೆ ಕರೆಯಲಿಲ್ಲ ಎಂದು ಕೇಳುತ್ತಾರೆ. ಕತ್ತಲಾಯಿತು, ದೀಪ ಹಾಕಲಿಲ್ಲ. ಏಳೂವರೆಗೆ, ಮನೆಗೆ ಬಂದು ನೋಡಿಹೋಗುತ್ತಿದ್ದ ನರ್ಸಿಗೆ ಫೋನ್ ಮಾಡಿ ಈಗ ಉಸಿರು ನಿಂತ ಹಾಗಿದೆ ಎಂದೆ. ಅವಳು ಬಂದು ಕೈ ಮುಟ್ಟಿದಳು. ಅವಳಿಗೆ ತಿಳಿಯಿತು ಎಂದು ಕಾಣುತ್ತದೆ. ತಾನು ನೋಡಿದ ಹೊತ್ತನ್ನೇ ಬರೆಯುವುದು ಅವರ ಪದ್ಧತಿ. ಎಂಟು ಹತ್ತು ಎಂದು ಬರೆದಳು. ಹತ್ತು ನಿಮಿಷಕ್ಕೆ ಸತ್ಯ ಬಂದ. ಅವನನ್ನು ಕಂಡ ಕೂಡಲೇ ಆ ಮಾತು ನನ್ನ ಬಾಯಿಂದ ಬಂತು.

ಸತ್ಯ, ನೀನು ಕಾಫಿಗೆ ನಿಲ್ಲಿಸಿದ್ದರಿಂದ ಏನೂ ಆಗಲಿಲ್ಲ. ನೀನು ಇಲಿನಾಯ್ ದಾಟುವ ಮೊದಲೇ ಅಪ್ಪ ಹೋಗಿದ್ದರು. ನೀನು ಹಾರಿ ಬಂದಿದ್ದರೂ ಸಿಗುತ್ತಿರಲಿಲ್ಲ. ಎಂಟು ಗಂಟೆಗೆ ನಾನು ಕರೆದಿದ್ದರೆ ಒಂದೂವರೆಗೆ ಬಂದಿರುತ್ತಿದ್ದೆ. ಅಪ್ಪ ಮಾತಾಡುತ್ತಿದ್ದರು.

ಎಡೆ ಇಡಲು ನಾನು ಯೋಗ್ಯಳಲ್ಲ. ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಆ ಹತ್ತು ನಿಮಿಷ ನನ್ನ ಸುಳ್ಳು.

ಶಿವಕ್ಕ


ಡೆಸ್ ಪ್ಲೇನ್ಸ್
ನವೆಂಬರ್ 23, 2024

ಅತ್ತೆ,

ಓದಿದೆ. ಪೂರ್ತಿ ಓದಿದೆ, ಯಾವ ಮಾತನ್ನೂ ಬಿಡಲಿಲ್ಲ.

ಸತ್ಯ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಕೇಳಿದರು. ಒಂದು ಕಡೆ ಮಾತ್ರ ತಡೆದರು. "ವೇಯ್ಟ್. ಹತ್ತು ಗಂಟೆಗೆ ಏನ್ ಕೇಳಿದ್ರು?" ಎಂದರು. "ಹೊರಟ್ನಾ" ಎಂದು ಮತ್ತೆ ಓದಿದೆ. ಇನ್ನೊಂದು ಸಲ ಓದು ಎಂದರು. ಓದಿದೆ. ಆಮೇಲೆ ಗ್ಯಾರೇಜಿಗೆ ಹೋಗಿ ಕಾರಿನಲ್ಲಿ ಕೂತರು, ಸ್ಟಾರ್ಟ್ ಮಾಡಲಿಲ್ಲ. ನಾನು ಹೋಗಲಿಲ್ಲ.

ಮಾರನೇ ದಿನ ಪುರೋಹಿತರಿಗೆ ಫೋನ್ ಮಾಡಿದ್ದು ಕೇಳಿಸಿತು. "ಸ್ವಾಮಿ, ಪೇಪರಲ್ಲಿರೋ ಟೈಮ್ ತಪ್ಪು. ನಾಲ್ಕು ಗಂಟೆ" ಎಂದರು. ಯಾಕೆ ಎಂದು ಅವರು ಕೇಳಿರಬೇಕು. "ನಮ್ಮಮ್ಮ ಇದ್ರು ಅಲ್ಲಿ" ಎಂದರು. ನನ್ನ ಜೊತೆ ಆ ವಿಷಯ ಒಂದು ಮಾತೂ ಆಡಿಲ್ಲ. ಬರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ನಾನು ಬರುವುದಿಲ್ಲ. ನಿಮ್ಮ ದುಃಖ ನನಗೆ ತಿಳಿಯುವುದಿಲ್ಲ ಎಂದಲ್ಲ. ಒಂದು ವರ್ಷ ಈ ಮನುಷ್ಯ ನನ್ನ ಪಕ್ಕದಲ್ಲಿ ಮಲಗಿ ನಿಮಿಷ ಎಣಿಸಿದ್ದಾನೆ. ನಿಮಗೆ ಒಂದು ಫೋನಿನಲ್ಲಿ ಅದನ್ನು ನಿಲ್ಲಿಸಲು ಆಗುತ್ತಿತ್ತು. ಈಗ ನಿಮ್ಮ ಮುಖ ನೋಡಿದರೆ ನಾನು ಏನಾದರೂ ಅಂದುಬಿಡುತ್ತೇನೆ.

ಪವಿತ್ರ


ಲಿವೋನಿಯಾ
ಡಿಸೆಂಬರ್ 1, 2024

ಪವಿತ್ರಳಿಗೆ,

ನೀನು ಬರೆದದ್ದು ಸರಿ.

ಸತ್ಯ ನಿನ್ನೆ ಹತ್ತು ಗಂಟೆಗೆ ಬಂದ. ತಲೆ ಬೋಳಿಸಿಕೊಂಡು ಬಂದಿದ್ದ, ಬಾಗಿಲು ತೆಗೆದವಳಿಗೆ ಒಂದು ಕ್ಷಣ ಗುರುತೇ ಸಿಗಲಿಲ್ಲ. ಇಲ್ಲಿಯ ಪುರೋಹಿತರು ಅವನ ಹಿಂದೆಯೇ ಬಂದರು. ಭಾನು ಅಡುಗೆಗೆ ನಿಂತಿದ್ದಳು. ಅವಳಿಗೆ ಏನೂ ಗೊತ್ತಿಲ್ಲ. "ಬಾಪ್ಪ ಸತ್ಯ, ಅಂತೂ ಬಂದ್ಯಲ್ಲ, ನಿಮ್ಮಮ್ಮಂಗೆ ಈಗ ಜೀವ ಬಂತು" ಎಂದಳು. ಅವನು "ಹೌ ಆರ್ ಯೂ ಆಂಟಿ" ಎಂದ. ನನಗೆ ಏನೂ ಅನ್ನಲಿಲ್ಲ.

ಎಲ್ಲವನ್ನೂ ಪುರೋಹಿತರು ಹೇಳಿಕೊಟ್ಟ ಹಾಗೆ ಮಾಡಿದ. ಎಲೆ ಹಾಕಿ ತಾನೇ ಬಡಿಸಿದ. ಮುದ್ದೆ, ಅವರೆಕಾಳು ಸಾರು, ವಡೆ, ಪಾಯಸ. ಮುದ್ದೆ ಮುರಿದು ಸಾರಿನ ನಡುವೆ ಇಟ್ಟ, ಅವರು ಇಟ್ಟುಕೊಳ್ಳುತ್ತಿದ್ದ ಹಾಗೆ. ಅಡ್ಡ ಬಿದ್ದು ಬಹಳ ಹೊತ್ತು ಏಳಲಿಲ್ಲ. ಪುರೋಹಿತರು ಊಟ ಮುಗಿಸಿ ಹೊರಟರು, ಭಾನುವೂ ಮನೆಗೆ ಹೋದಳು. ನಾನು ಅವನಿಗೆ ಎಲೆ ಹಾಕಿದೆ. ಅವನು ಕೂರಲಿಲ್ಲ.

ನಾಲ್ಕು ಗಂಟೆಗೆ ಅಪ್ಪನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ನಾನು ಹೊರಗೆ ಕಾರ್ಪೆಟ್ಟಿನ ಮೇಲೆ ಕೂತೆ. ಐದು ಗಂಟೆಗೆಲ್ಲ ಕತ್ತಲಾಯಿತು. ಬಾಗಿಲ ಕೆಳಗೆ ಬೆಳಕು ಬರಲಿಲ್ಲ, ಅವನೂ ದೀಪ ಹಾಕಿರಲಿಲ್ಲ. ಒಳಗಿಂದ ಸದ್ದಿಲ್ಲ. ಆರಾಯಿತು, ಏಳಾಯಿತು. ಕರೆಯೋಣ ಎಂದು ಎರಡು ಸಲ ಕೈ ಎತ್ತಿದೆ. ಬಾಗಿಲ ಆಚೆ ಕೂತವರಿಗೆ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಎಂಟು ದಾಟಿದ ಮೇಲೆ ಬಾಗಿಲು ತೆಗೆದ. ನಾನು ಎದ್ದು ನಿಲ್ಲಲು ಹೋದೆ, ಕಾಲು ಜೋಮು ಹಿಡಿದಿತ್ತು. ಅವನು ಕೈ ಕೊಡಲಿಲ್ಲ, ದಾಟಿಕೊಂಡು ಹೋಗಲೂ ಇಲ್ಲ. ನಾನು ಗೋಡೆ ಹಿಡಿದು ಏಳುವವರೆಗೆ ನಿಂತಿದ್ದ.

"ಇಷ್ಟ್ ಹೊತ್ತಾ ಅಮ್ಮ?" ಎಂದ.

"ಹೂಂ" ಎಂದೆ.

"ಒಬ್ಳೇನಾ?"

"ಹೂಂ."

ಬೂಟು ಹಾಕಿಕೊಂಡು ಜಾಕೆಟ್ ತೆಗೆದುಕೊಂಡ. ಬಾಗಿಲಲ್ಲಿ ಒಂದು ಸಲ ನಿಂತ. ಬರ್ತೀನಿ ಅನ್ನಲಿಲ್ಲ. ಸುಮ್ಮನೆ ಇಳಿದು ಹೋದ. ಕಾರಿನ ದೀಪ ತಿರುವಿನವರೆಗೆ ಕಂಡಿತು.

ಪವಿತ್ರ, ಸತ್ತವರ ಕಾರ್ಯ ಮುಗಿಸಿ ಹೊರಡುವಾಗ ಬರ್ತೀನಿ ಎಂದು ಹೇಳಬಾರದು. ನಮ್ಮ ಕಡೆ ಎಲ್ಲರಿಗೂ ಗೊತ್ತು. ಇಲ್ಲಿ ಹುಟ್ಟಿ ಬೆಳೆದವನಿಗೆ ನಾನು ಅದನ್ನು ಎಂದೂ ಹೇಳಿಕೊಟ್ಟಿಲ್ಲ. ನೀನು ಹೇಳಿ ಕಳಿಸಿದ್ದೆಯಾ? ಹೇಳಿದ್ದರೆ ಹೌದು ಎಂದು ಒಂದು ಸಾಲು ಬರೆ. ಹೇಳಿರದಿದ್ದರೂ ಬರೆ.

ಶಿವಕ್ಕ